ಕಲಿಸಿದ ಭಾಷೆಯೇ ಕಳಿಸಿಕೊಟ್ಟಿತು

"ಮೇಡಂ, ನನ್ನನ್ನ ಫೇಲ್ ಮಾಡ್ತೀರಾ?"

ಗಾಂಧಿ ಬಜಾರಿನ ಬಟ್ಟೆ ಅಂಗಡಿಯ ಮಹಡಿಯಲ್ಲಿ ಜರ್ಮನ್ ಕಲಿಸುತ್ತಿದ್ದ ಲಿಖಿತಾ ಬೆಚ್ಚಿ ತಲೆಯೆತ್ತಿದಳು. ಎದುರಿಗೆ ಹೊಸ ವಿದ್ಯಾರ್ಥಿ ಶಿವಪ್ರಸಾದ್. ಪಕ್ಕದ ಭದ್ರಾವತಿಯ ಎರಕದ ಕಾರ್ಖಾನೆಯವನು. ಕಂಪನಿ ಅವನನ್ನು ಎರಡು ವರ್ಷಕ್ಕೆ ಜರ್ಮನಿಗೆ ಆರಿಸಿತ್ತು.

"ಯಾಕೆ? ಹೋಗೋಕೆ ಇಷ್ಟ ಇಲ್ವಾ?"

"ಬಾಯಿದ್ದೂ ಮೂಗನ ಥರ ಇರೋಕಾಗಲ್ಲ ಮೇಡಂ. ಪುಣೆಗೆ ಟ್ರೈನಿಂಗ್‌ಗೆ ಹೋದಾಗ ಹಿಂದಿ ಬರದೆ ಊಟಕ್ಕೂ ಒಬ್ಬನೇ ಕೂರ್ತಿದ್ದೆ..."

ಅವಳ ಮನಸ್ಸು ಕರಗಿತು.

"ನನ್ನ ಕ್ಲಾಸಲ್ಲಿ ಯಾರೂ ಫೇಲ್ ಆಗಲ್ಲ ಮಾರಾಯ್ರೇ! ಕೂತ್ಕೊಳ್ಳಿ."

ಕೂತ. ತಡವರಿಸುತ್ತಾ ಕಲಿತ. ಒಂದು ಸಂಜೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ.

"ಮೇಡಂ! ವಿಡಿಯೋ ಕಾಲ್‌ನಲ್ಲಿ ಅಲ್ಲಿನ ಇಂಜಿನಿಯರ್‌ಗೆ ಜೋಕ್ ಹೇಳ್ದೆ... ನಕ್ಬಿಟ್ರು!"

ಅವಳೂ ನಕ್ಕಳು. ಮರುಕ್ಷಣವೇ ನಗು ನಿಂತಿತು. 'ಇವನಿಗಿನ್ನು ಭಯವಿಲ್ಲ... ಹೋಗಿಬಿಡ್ತಾನೆ!'

ಅವನನ್ನು ಪ್ರೀತಿಸುತ್ತಿದ್ದೇನೆಂದು ಅವಳಿಗೆ ತಿಳಿದದ್ದೇ ಆಗ.

"ಒಂದು ಕಾಫಿ ಕುಡಿಯೋಣ್ವಾ?" ಎಂದು ಅವನು ಕೇಳಿದಾಗಲೆಲ್ಲ, "ಲೇಟಾಯ್ತು" ಎಂದು ಮನೆಗೆ ಓಡುತ್ತಿದ್ದಳು. ಪಾರ್ಶ್ವವಾಯು ಬಡಿದು ಮಾತು ತೊದಲುತ್ತಿದ್ದ ಅಮ್ಮ ಪುಷ್ಪಮ್ಮ ಅಲ್ಲಿ ಕಾಯುತ್ತಿದ್ದರು. ಅದು ಅವನಿಗೆ ಗೊತ್ತಿರಲಿಲ್ಲ.

ಪರೀಕ್ಷೆ ಪಾಸಾದ ದಿನ ಅವಳ ಕಣ್ಣನ್ನೇ ನೋಡುತ್ತಾ ಕೇಳಿದ.

"ಹೋಗ್ಲಾ ಮೇಡಂ?"

"ಹೋಗಿ. ಅದಕ್ಕೇ ಅಲ್ವಾ ಕಲಿತಿದ್ದು?"

ಅವನ ಮುಖ ಬಾಡಿತು. 'ಇವಳಿಗೆ ನಾನು ಬರೀ ಸ್ಟೂಡೆಂಟ್...'

ಹೊರಡುವ ದಿನ ಅವಳಿಗೆ ತಡೆಯಲಾಗಲಿಲ್ಲ. ಬಸ್ಸು ಹಿಡಿದು ಭದ್ರಾವತಿ ರೈಲು ನಿಲ್ದಾಣಕ್ಕೆ ಓಡಿದಳು. ರೈಲು ಬಂದು ನಿಂತಿತ್ತು.

"ಲಿಖಿತಾ!" ಮೊದಲ ಸಲ ಹೆಸರು ಹಿಡಿದು ಕರೆದ.

"ನೀವಂದ್ರೆ ನಂಗಿಷ್ಟ... ಹೇಳ್ದೇ ಕಳಿಸೋಕೆ ಆಗ್ಲಿಲ್ಲ."

"ಹಾಗಾದ್ರೆ ನೀನೂ ಬಾ! ನಿನ್ನಷ್ಟು ಚೆನ್ನಾಗಿ ಭಾಷೆ ಯಾರಿಗೆ ಬರುತ್ತೆ?"

"ಭಾಷೆ ಬಂದ್ರೆ ಸಾಕಾ? ಅಮ್ಮಂಗೆ ಸ್ಟ್ರೋಕ್ ಆಗಿದೆ. ಅವರ ಮಾತು ನಂಗೊಬ್ಬಳಿಗೇ ಅರ್ಥ ಆಗೋದು. ನಾನೂ ಹೋದ್ರೆ ಅಮ್ಮ ಯಾರ ಹತ್ರ ಮಾತಾಡ್ತಾರೆ?"

ಆ ನೋವು ಅವನಿಗಿಂತ ಚೆನ್ನಾಗಿ ಯಾರು ಬಲ್ಲರು? ಅವನ ಕೈಯಿಂದ ಬ್ಯಾಗು ಜಾರಿತು.

"ನಾನು ಇಲ್ಲೇ ಉಳೀತೀನಿ."

"ಬೇಡ! ಈಗ ನಿಮಗೇ ಹೋಗ್ಬೇಕು ಅನ್ಸಿದೆ. ಅದನ್ನ ನಾನು ಕಿತ್ಕೊಳ್ಳಲ್ಲ. ಹತ್ತಿ..."

ತಾನೇ ಬ್ಯಾಗೆತ್ತಿ ಕೊಟ್ಟಳು. ರೈಲು ಕದಲಿತು. ಬಾಗಿಲ ಕಂಬಿ ಹಿಡಿದು ಅವನು ಕೂಗಿದ.

"ದಿನಾ ಫೋನ್ ಮಾಡ್ತೀನಿ. ಅಮ್ಮನ ಕೈಗೆ ಕೊಡು! ಅವರ ಮಾತು ನಾನೂ ಕಲೀತೀನಿ."

"ತುಂಬಾ ಕಷ್ಟ ಇದೆ ಪ್ರಸಾದ್..."

"ಕಲಿಸೋಳು ನೀನಲ್ವಾ?"

ಅಳುತ್ತಲೇ ಹೂಂ ಎಂದು ತಲೆಯಾಡಿಸುತ್ತಿದ್ದಳು... ರೈಲು ತಿರುವು ದಾಟಿ, ಅವನ ಮುಖ ಮರೆಯಾದ ಮೇಲೂ.