ಬಾಚಣಿಗೆಯ ಉದ್ದ ಕೂದಲು

ಬೋಳಾಗಿಬಿಡುತ್ತೇನೆಂದು ಹೆದರಿ, ಬಾಚಣಿಗೆಗೆ ಸಿಕ್ಕ ಕೂದಲನ್ನೆಲ್ಲ ಕವರಿಗೆ ತುಂಬಿಕೊಂಡು ದೊಡ್ಡಬಳ್ಳಾಪುರದ ಚರ್ಮದ ಡಾಕ್ಟರ ಬಳಿ ಹೋದೆ.

ವಯಸ್ಸಾದ ಡಾಕ್ಟರು ಅದನ್ನು ಎರಡು ಪಾಲು ಮಾಡಿದರು. "ಈ ಗಿಡ್ಡದ್ದು ನಿಂದು. ದಿನಕ್ಕೆ ನೂರರವರೆಗೂ ಉದುರೋದು ಮಾಮೂಲಿ ಕಣಮ್ಮ. ಈ ಉದ್ದದ್ದು ಗೊಂಚಲುಗೊಂಚಲಾಗಿ ಉದುರಿದೆ. ಅವರನ್ನ ಕರ್ಕೊಂಡ್ಬಾ."

ಮನೆಯಲ್ಲಿರುವ ಹೆಂಗಸರು ನಾನು ಮತ್ತು ತಲೆ ಪೂರ್ತಿ ನರೆತ ಅತ್ತೆ. ಈ ಕೂದಲು ಕಪ್ಪು. ನಾವಿಬ್ಬರೂ ಹಚ್ಚದ ಹರಳೆಣ್ಣೆಯ ವಾಸನೆ ಬೇರೆ.

ಅತ್ತೆಗೆ ತೋರಿಸಿದೆ. ಮಗ್ಗ ನಿಲ್ಲಿಸಿ, ಒಂದೆಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಡಾಕ್ಟ್ರಿಗೇನು ಗೊತ್ತು? ಹೋದ್ವರ್ಷಕ್ಕಿಂತ ಎಷ್ಟೋ ವಾಸಿ ಕಣೆ."

"ಯಾರಿಗೆ ಅತ್ತೆ?"

ಅಷ್ಟರಲ್ಲಿ ಮಗ್ಗ ಚಾಲೂ ಆಗಿತ್ತು, ಕೇಳಿಸಲಿಲ್ಲವೋ ಏನೋ.

ನಾನು ಬೇರೆ ಬಾಚಣಿಗೆ ಕೊಂಡೆ. ಹಳೆಯದು ಗೋಡೆಯ ಗೂಡಿನಲ್ಲೇ ಇದೆ. ಬೆಳಗ್ಗೆ ಮುಟ್ಟಿದರೆ ಬೆಚ್ಚಗಿರುತ್ತದೆ.