ಹಿಂದಿನ ಸೀಟಿನಿಂದ ಕಾಣುವ ಹೊಗೆ

ಇದನ್ನು ಬರೆಯುವ ಯೋಗ್ಯತೆ ನಿನಗಿದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದೇ ಹೇಳಬೇಕು. ಮನೆಯಲ್ಲಿ ಆಡುವುದು ಕನ್ನಡವಾದರೂ ನಾನು ಓದಿದ್ದೆಲ್ಲ ತಮಿಳು. ಕನ್ನಡದ ಅಕ್ಷರ ಕಲಿತದ್ದು ಈಚೆಗೆ, ನಮ್ಮ ಜನರ ಮದುವೆ ಮಂಟಪದಲ್ಲಿ ನಡೆಯುವ ಸಂಜೆ ಕ್ಲಾಸಿನಲ್ಲಿ. ಪ್ರೇಮದ ಕಥೆ ಬರೆಯುವವರು ಮಲ್ಲಿಗೆಯಿಂದಲೋ ಬೆಳದಿಂಗಳಿಂದಲೋ ಶುರು ಮಾಡುತ್ತಾರೆ. ನನ್ನದು ಎಂಜಿನ್ ಆಯಿಲ್‌ನಿಂದ ಶುರುವಾಗುತ್ತದೆ. ದಯವಿಟ್ಟು ಕ್ಷಮಿಸಿ.

ನಾನು ತಮಿಳುನಾಡಿನ ಬೋಡಿಯಿಂದ ಬೆಟ್ಟದ ಮೇಲಿನ ಬೋಡಿಮೆಟ್ಟಿಗೆ ಟ್ಯಾಕ್ಸಿ ಓಡಿಸುತ್ತೇನೆ. ಕಾರು ಅಪ್ಪ ಈಶ್ವರನ್ ಅವರದು. ಅವರ ಕಣ್ಣು ಮಂಜಾದ ಮೇಲೆ ಸ್ಟೀರಿಂಗ್ ಮಗಳಾದ ನನ್ನ ಕೈಗೆ ಬಂತು. ಹಳೆಯ ಪೆಟ್ರೋಲ್ ಕಾರು. ಎರಡೂವರೆ ಲಕ್ಷ ಕಿಲೋಮೀಟರ್ ಓಡಿದೆ. ಸೋಮವಾರ ಬೆಳಿಗ್ಗೆ ಎಸ್ಟೇಟ್ ಕೆಲಸದವರನ್ನು ಮೇಲೆ ಬಿಡುತ್ತೇನೆ, ಶನಿವಾರ ಮಧ್ಯಾಹ್ನ ಕೆಳಗೆ ಕರೆತರುತ್ತೇನೆ.

ಆ ಕಾರು ಆಯಿಲ್ ಕುಡಿಯತೊಡಗಿತ್ತು. ನಿಲ್ಲಿಸಿದ ಜಾಗದಲ್ಲಿ ಒಂದು ಹನಿ ಸೋರಿದ ಗುರುತಿಲ್ಲ. ಒಳಗೇ ಸುಟ್ಟು ನೀಲಿ ಹೊಗೆಯಾಗಿ ಹೋಗುತ್ತಿತ್ತು. ಮಗುವಿನ ಜ್ವರ ನೋಡುವ ತಾಯಿಯ ಹಾಗೆ, ದಿನಾ ಬೆಳಿಗ್ಗೆ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡುತ್ತಿದ್ದೆ. ಎಷ್ಟು ತುಂಬಿಸಿದರೂ ಆಯಿಲ್ ಮತ್ತೆ ಕೆಳಗಿನ ಗೆರೆಗೆ ಇಳಿದಿರುತ್ತಿತ್ತು. ಘಾಟಿಯ ತಿರುವಿನಲ್ಲಿ ಎಂಜಿನ್ ಹಿಡಿದುಕೊಂಡು ನಿಂತರೆ? ಒಳಗೆ ಜನ ಇದ್ದಾರೆ. ಪಕ್ಕದಲ್ಲಿ ಕಣಿವೆ ಇದೆ.

"ಪಿಸ್ಟನ್ ರಿಂಗ್ ಓಗಿರ್ತದ ಪಾಪಾ," ಅಪ್ಪ ಹೇಳಿಬಿಟ್ಟರು. "ಎಂಜಿನ್ ಬಿಚ್ಚೋ ಖರ್ಚಲ್ಲಿ ಬೇರೆ ವಂಡೀನೇ ಬತ್ತದ. ಈ ತಿಂಗ್ಳು ಓಡ್ಸು. ಆಮೇಲೆ ಗುಜ್ರಿಗೆ ಕೊಟ್ಬುಡಮ."

ಸರಿ ಅಂದೆ. ಆದರೆ ಎದೆಯೊಳಗೆ ಇನ್ನೊಂದು ಲೆಕ್ಕ ಓಡುತ್ತಿತ್ತು. ಕಾರು ಹೋದರೆ ಘಾಟಿ ದಾರಿ ಹೋಯಿತು. ದಾರಿ ಹೋದರೆ ಹಿಂದಿನ ಸೀಟಿನ ವಿಮಲ್‌ನನ್ನು ನಾನು ಇನ್ನೆಲ್ಲಿ ನೋಡುವುದು?

ವಿಮಲ್ ಕನ್ನಡ ಆಡುವ ನಮ್ಮ ಜನವೇ, ಮಾರ್ಕಯನ್‌ಕೋಟ್ಟೈ ಊರಿನ ಕಡೆಯವನು. ಬೋಡಿಮೆಟ್ಟಿನ ಒಂದು ಎಸ್ಟೇಟಿನಲ್ಲಿ ಏಲಕ್ಕಿ ಒಣಗಿಸುವ ಸ್ಟೋರ್ ನೋಡಿಕೊಳ್ಳುತ್ತಾನೆ. ಅವನ ಅಂಗಿಯಲ್ಲಿ ಸದಾ ಸೌದೆ ಹೊಗೆಯ ಮತ್ತು ಹಸಿ ಏಲಕ್ಕಿಯ ವಾಸನೆ. ಹಿಂದಿನ ಸೀಟಿನ ನಡುವೆ ಕೂರುತ್ತಾನೆ, ಮಾತು ಕಡಿಮೆ. ಆದರೆ ನಾನು ತಲೆಯ ಮೇಲಿನ ಕನ್ನಡಿಗೆ ಕಣ್ಣು ಹಾಕಿದಾಗಲೆಲ್ಲ ಅವನ ಕಣ್ಣು ಅಲ್ಲಿ ಮೊದಲೇ ಬಂದು ಕಾಯುತ್ತಿತ್ತು. ನಾನು ನೋಟ ತೆಗೆಯುತ್ತಿದ್ದೆ. ಒಂದು ತಿರುವು ದಾಟಿ ಮತ್ತೆ ನೋಡುತ್ತಿದ್ದೆ. ಅದು ಅಲ್ಲೇ ಇರುತ್ತಿತ್ತು.

ಮುಂದಿನ ಸೀಟು ಎಸ್ಟೇಟಿನ ಅಡುಗೆಯ ಪೇಚ್ಚಿಯಮ್ಮಾಳ್ ಅವರದು. ಅವರಿಗೆ ತಮಿಳು ಮಾತ್ರ ಬರುತ್ತದೆ, ಕಣ್ಣು ಮಾತ್ರ ಎಲ್ಲ ಭಾಷೆ ಓದುತ್ತದೆ.

"ಎನ್ನಾ ತಂಬಿ, ಕಣ್ಣಾಡಿಲ ಸಿನಿಮಾ ಓಡುದಾ?" ಎಂದು ಒಂದು ದಿನ ವಿಮಲ್‌ನನ್ನು ಕೇಳಿಯೇಬಿಟ್ಟರು.

ಕನ್ನಡಿಯಲ್ಲಿ ಸಿನಿಮಾ! ನನ್ನ ಕಿವಿ ಬಿಸಿಯಾಯಿತು. ವಿಮಲ್ ಕಿಟಕಿಯ ಕಡೆ ತಿರುಗಿ ಕೆಮ್ಮಿದ.

ಆ ಶನಿವಾರ ಇಳಿಯುವಾಗ ಮಂಜು ದಾರಿಯನ್ನೇ ನುಂಗಿತ್ತು. ಎರಡನೇ ಗೇರಿನಲ್ಲಿ ಮೆಲ್ಲಗೆ ಬರುತ್ತಿದ್ದೆ. ಒಂದು ತಿರುವಿನಲ್ಲಿ ಆಯಿಲ್‌ನ ಕೆಂಪು ದೀಪ ಹತ್ತಿತು. ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಹತ್ತಿತು.

ಕಾರನ್ನು ಬೆಟ್ಟದ ಬದಿಗೆ ತಂದು, ಸಮವಾದ ಜಾಗ ನೋಡಿ ಎಂಜಿನ್ ಆಫ್ ಮಾಡಿದೆ. ಕೆಳಗಿಳಿದೆ. ವಿಮಲ್ ತಾನಾಗಿ ಬಾನೆಟ್ ಎತ್ತಿ ಹಿಡಿದ. ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಎಳೆದೆ. ತುದಿಯಲ್ಲಿ ಮಾತ್ರ ಒಂದಿಷ್ಟು ಕಪ್ಪು. ಡಿಕ್ಕಿಯಿಂದ ಆಯಿಲ್ ಡಬ್ಬ ತಂದು ಸುರಿಯಹೋದರೆ ಅರ್ಧ ನನ್ನ ಚೂಡಿದಾರದ ಮೇಲೆ.

"ಕೊಡಿ," ಅಂದ. ಅವನ ಕೈ ನಡುಗಲಿಲ್ಲ. ಅದು ನೋಡಿ ನನಗೆ ಸಿಟ್ಟು ಬಂತು. ಭಯಪಟ್ಟವರಿಗೆ ಸಿಟ್ಟೇ ಮೊದಲು ಸಿಗುವುದು.

"ನೀವು ಯಾಕ್ ಯಾವಾಗ್ಲೂ ಕಣ್ಣಾಡೀಲಿ ನನ್ನೇ ನೋಡ್ತೀರಿ? ಅದ್ಕೇ ನಂಗ್ ವಂಡಿ ಮೇಲೆ ಗಮನ ಇಲ್ಲ!"

ಅವನ ಮುಖ ಬಾಡಿತು. ಡಬ್ಬದ ಮುಚ್ಚಳ ತಿರುಗಿಸುತ್ತ ಮೆಲ್ಲಗೆ ಹೇಳಿದ, "ನಿಮ್ಮನ್ನಲ್ಲ. ಒಗೆ ನೋಡ್ತಿದ್ದೆ. ಸ್ಟೋರಲ್ಲಿ ನನ್ ಕೆಲ್ಸಾನೇ ಅದಲ್ವಾ? ಒಗೆ ನೋಡಿ ಬೆಂಕಿ ಎಂಗದ ಅಂತ ಕಂಡಿಡಿಯೋದು."

ಹೊಗೆ! ನಾನಲ್ಲ, ಹೊಗೆ. ಪಕ್ಕದ ಕಣಿವೆ ಬಾಯಿ ತೆರೆದು ನನ್ನನ್ನು ಒಳಕ್ಕೆ ಎಳೆದುಕೊಂಡರೆ ಸಾಕು ಅನ್ನಿಸಿತು.

"ಒಂದ್ ಏಳ್ಲಾ?" ಅಂದ. "ಏರುವಾಗ ವಂಡಿ ಎಷ್ಟು ಕಷ್ಟಪಟ್ರೂ ಒಗೆ ಇಲ್ಲ. ಕಾಲೆತ್ಕೊಂಡು ಘಾಟಿ ಪೂರಾ ಇಳಿದು, ಕೆಳಗಿನ ಚೆಕ್‌ಪೋಸ್ಟ್ ದಾಟಿ ಆಕ್ಸಿಲರೇಟರ್ ತುಳಿತೀರಲ್ಲ, ಆಗ ಬತ್ತದ. ಆಗ ಮಾತ್ರ. ಯಾಕೆ ಅಂತ ನಂಗೊತ್ತಿಲ್ಲ. ಮೆಕ್ಯಾನಿಕ್‌ಗೆ ಏಳಿ ನೋಡಿ."

ಉಳಿದ ದಾರಿಯಲ್ಲಿ ನಾನು ಕನ್ನಡಿ ನೋಡಲಿಲ್ಲ.

ನನ್ನ ಮೇಲೆ ನನಗೆ ನಂಬಿಕೆ ಕಡಿಮೆ. ಆದರೂ ಮಾರನೆಯ ದಿನ ಅಪ್ಪನನ್ನು ಕರೆದುಕೊಂಡು ಮೆಕ್ಯಾನಿಕ್ ಜೆಯಕುಮಾರ್ ಅಣ್ಣನ ಶೆಡ್ಡಿಗೆ ಹೋದೆ. ವಿಮಲ್ ಹೇಳಿದ್ದನ್ನು ಒಪ್ಪಿಸಿದೆ. ಅಣ್ಣ ಕೈ ಒರೆಸುವುದನ್ನು ನಿಲ್ಲಿಸಿದರು.

ರಿಂಗ್ ಸವೆದಿದ್ದರೆ ಏರುವಾಗಲೂ ಹೊಗೆ ಬರಬೇಕು ಎಂದರು. ಆಕ್ಸಿಲರೇಟರ್‌ನಿಂದ ಕಾಲೆತ್ತಿ ಇಳಿಯುವಾಗ ಎಂಜಿನ್ ಒಳಗಿನಿಂದ ಜೋರಾಗಿ ಹೀರುತ್ತದೆ. ವಾಲ್ವಿನ ಕುತ್ತಿಗೆಯಲ್ಲಿರುವ ರಬ್ಬರ್ ಸೀಲು ಗಟ್ಟಿಯಾಗಿ ಬಿರಿದಿದ್ದರೆ ಆಯಿಲ್ ಅಲ್ಲಿಂದ ಇಳಿದು ಸೇರಿಕೊಂಡಿರುತ್ತದೆ, ತುಳಿದಾಗ ಉರಿಯುತ್ತದೆ. "ಸೀಲು ಸಣ್ಣ ಸಾಮಾನು. ಆದ್ರೆ ಮೊದ್ಲು ಸಿಲಿಂಡರ್ ಒತ್ತಡ, ಕಂಪ್ರೆಷನ್ ನೋಡ್ಬೇಕು. ಅದು ಕಮ್ಮಿ ಇದ್ರೆ ನಾನೂ ಗುಜ್ರಿ ಅಂತಾನೇ ಏಳೋದು," ಎಂದು ಪ್ಲಗ್ಗುಗಳನ್ನು ಬಿಚ್ಚಿ, ಆ ತೂತಿಗೆ ಗೇಜ್ ತಿರುಗಿಸಿದರು.

ಸ್ಟಾರ್ಟರ್ ತಿರುಗಿಸಲು ಅಪ್ಪ ಡ್ರೈವರ್ ಸೀಟಿಗೆ ಹತ್ತಿದರು. ಹತ್ತಿದ ಕೂಡಲೇ ಹಳೆಯ ಅಭ್ಯಾಸದಂತೆ ಕನ್ನಡಿಯನ್ನು ತಮಗೆ ಸರಿಮಾಡಿಕೊಂಡರು. ಗೇಜಿನ ಮುಳ್ಳನ್ನು ನೋಡುವ ಧೈರ್ಯ ನನಗಿರಲಿಲ್ಲ. ಹಿಂದಿನ ಬಾಗಿಲು ತೆಗೆದು, ಸೀಟಿನ ನಡುವೆ, ವಿಮಲ್ ಕೂರುವ ಜಾಗದಲ್ಲಿ ಮುದುರಿ ಕೂತೆ. ತಲೆಯೆತ್ತಿದೆ.

ಕನ್ನಡಿಯಲ್ಲಿ ಅಪ್ಪನ ಮುಖವಿತ್ತು.

ಬಗ್ಗಿದೆ, ಎದ್ದೆ, ಆ ಕಡೆ ಈ ಕಡೆ ಸರಿದೆ. ಹಿಂದಿನ ಗಾಜಾಗಲಿ ರಸ್ತೆಯಾಗಲಿ ಕಾಣಲಿಲ್ಲ. ಆ ಸೀಟಿನಿಂದ ಕನ್ನಡಿಯಲ್ಲಿ ಹೊಗೆ ಕಾಣುವುದೇ ಇಲ್ಲ. ಕಾಣುವುದು ಡ್ರೈವರಿನ ಮುಖ ಮಾತ್ರ.

"ಎಲ್ಲಾ ಸಿಲಿಂಡರೂ ಗಟ್ಟಿ!" ಜೆಯಕುಮಾರ್ ಅಣ್ಣ ಕೂಗಿದರು. "ರಿಂಗ್ ನಲ್ಲಾ ಇರುಕ್ಕು!"

ರಿಂಗಿಗೆ ಏನೂ ಆಗಿಲ್ಲವೆಂದು ಕೇಳಿ ಅಪ್ಪ ನಕ್ಕರು. ನಾನು ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ಎಂಜಿನ್ ಉಳಿದದ್ದಕ್ಕೆ ಅಳುತ್ತಿದ್ದೇನೆ ಎಂದುಕೊಂಡರು.

ಅಣ್ಣ ಎಂಜಿನ್ ಬಿಚ್ಚಲಿಲ್ಲ. ಪ್ಲಗ್ಗಿನ ತೂತಿನಿಂದ ಒಂದು ಹಗ್ಗ ಇಳಿಸಿ, ವಾಲ್ವು ಒಳಕ್ಕೆ ಬೀಳದಂತೆ ಅದರ ಮೇಲೇ ನಿಲ್ಲಿಸಿ, ಮೇಲಿಂದಲೇ ಸೀಲುಗಳನ್ನು ಬದಲಿಸಿದರು. ಎಂಜಿನ್ ಉಸಿರಾಡುವ, ಕಟ್ಟಿಕೊಂಡಿದ್ದ ಬ್ರೀದರ್ ಪೈಪ್ ತೊಳೆದರು, ಹೊಸ ಆಯಿಲ್ ಹಾಕಿದರು. "ಘಾಟಿ ಇಳಿಸಿ ನೋಡಮ್ಮಾ. ಗ್ಯಾರಂಟಿ ನಾನು ಕೊಡಲ್ಲ," ಎಂದರು.

ಸೋಮವಾರ ಮೇಲೆ ಹೋಗುವಾಗ ಕಾರಿನ ತುಂಬ ಜನ. ವಿಮಲ್ ಕನ್ನಡಿಯ ಕಡೆ ನೋಡದೆ ತನ್ನ ಮಂಡಿ ನೋಡುತ್ತ ಕೂತ. ಕೇಳಿಬಿಡೋಣ ಅನ್ನಿಸಿತು, ಕೇಳಲಿಲ್ಲ. ನನ್ನದೇ ತಪ್ಪಿದ್ದರೆ? ಒಮ್ಮೆ ಅವಮಾನವಾಗಿದೆ. ಎರಡನೇ ಸಲವಾದರೆ ಅವನು ಬೇರೆ ಯಾವುದಾದರೂ ಜೀಪಿನಲ್ಲಿ ಹೋಗಲು ಶುರುಮಾಡುತ್ತಾನೆ.

ಶನಿವಾರ ವಿಮಲ್ ಮತ್ತು ಪೇಚ್ಚಿಯಮ್ಮಾಳ್ ಇಬ್ಬರೇ. ಘಾಟಿ ಉದ್ದಕ್ಕೂ ಎಂಜಿನ್ ಗುಂಯ್ ಅನ್ನುತ್ತ ಇಳಿಯಿತು. ಪ್ರತಿ ತಿರುವಿನಲ್ಲೂ ಕೆಂಪು ದೀಪ ಹತ್ತುತ್ತದೇನೋ ಎಂದು ನೋಡಿದೆ. ಹತ್ತಲಿಲ್ಲ. ಚೆಕ್‌ಪೋಸ್ಟ್ ದಾಟಿತು. ದಾರಿ ನೇರವಾಯಿತು. ಈಗ ತುಳಿಯಬೇಕು.

ಕಾಲು ಮುಂದಾಗಲಿಲ್ಲ. ಹೊಗೆ ಬಂದರೆ ಕಾರು ಗುಜರಿಗೆ. ಬರದಿದ್ದರೆ ಈ ಮನುಷ್ಯ ನನ್ನ ಹಿಂದೆಯೇ ಕೂತಿರುತ್ತಾನೆ, ನಾನು ಕೇಳಲೇಬೇಕಾಗುತ್ತದೆ. ಯಾವುದಕ್ಕೆ ಹೆಚ್ಚು ಹೆದರಿದೆನೋ!

ತುಳಿದೆ. ಕಣ್ಣನ್ನು ರಸ್ತೆಯ ಮೇಲೇ ಇಟ್ಟೆ.

"ಬತ್ತದಾ?" ಅಂದೆ. ದನಿ ಸಣ್ಣಗೆ ಬಂತು.

"ಇನ್ನೂ ಗೊತ್ತಿಲ್ಲ."

"ತಿರುಗಿ ನೋಡಿ ಏಳಿ!"

"ತಿರುಗಿದ್ರೆ ನಂಗ್ ಗೊತ್ತಾಗಲ್ಲ. ನೀವೇ ನೋಡಿ."

ಸೈಡ್ ಕನ್ನಡಿ ನೋಡಿದೆ. ಹಿಂದೆ ಬಿಸಿಲು, ರಸ್ತೆ, ಹುಣಸೆಮರದ ನೆರಳು. ನೀಲಿ ಇಲ್ಲ. ಮತ್ತೆ ತುಳಿದೆ. ಇಲ್ಲ.

"ಇಲ್ಲ," ಅಂದ ವಿಮಲ್. ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

ರಸ್ತೆ ಬದಿಗೆ ಕಾರು ನಿಲ್ಲಿಸಿದೆ. "ನೀವ್ ಕೂರೋ ಜಾಗದಲ್ಲಿ ನಾನ್ ಕೂತು ನೋಡ್ದೆ. ಅಲ್ಲಿಂದ ಒಗೆ ಕಾಣ್ದು. ಯಾಕ್ ಸುಳ್ಳು ಏಳಿದ್ರಿ?"

"ಸುಳ್ಳಲ್ಲ." ಕನ್ನಡಿಯಲ್ಲಿ ಅವನ ಕಣ್ಣು ಬಂತು, ಈ ಸಲ ಅದೂ ಹೆದರಿತ್ತು. "ಒಗೆ ಬಂದಾಗ ನೀವು ಸೈಡ್ ಕಣ್ಣಾಡಿ ನೋಡಿ ತುಟಿ ಕಚ್ತೀರಿ. ಏರುವಾಗ ಕಚ್ಚಲ್ಲ. ಚೆಕ್‌ಪೋಸ್ಟ್ ದಾಟಿದ್ಮೇಲೆ ಕಚ್ತೀರಿ. ಒಗೆ ನಾನ್ ನಿಮ್ಮ ಮೊಕದಲ್ಲೇ ನೋಡಿದ್ದು ಸತ್ಯಾ. ಅವತ್ತು ನಿಮ್ ಸಿಟ್ಟು ನೋಡಿ ಬಯ ಆಯ್ತು. ಅರ್ಧಾನೇ ಏಳ್ದೆ."

"ಉಳಿದರ್ಧ?"

"ತುಟಿ ಕಚ್ಚದೆ ಇರೋವಾಗ್ಲೂ ನೋಡ್ತಿದ್ದೆ."

ನಮ್ಮ ಮಾತು ಒಂದೂ ತಿಳಿಯದ ಪೇಚ್ಚಿಯಮ್ಮಾಳ್ ನಿಟ್ಟುಸಿರಿಟ್ಟು ಬಾಗಿಲು ತೆಗೆದು ಇಳಿದರು. ಹಿಂದಿನ ಬಾಗಿಲು ತೆರೆದು ಅವನ ತೋಳಿಗೆ ತಟ್ಟಿದರು. "ಮುನ್ನಾಡಿ ಪೋ ಸಾಮೀ. ಎನಕ್ಕು ಕಾಲ್ ನೀಟ್ಟಣುಂ."

ಮುಂದೆ ಹೋಗಪ್ಪಾ, ನನಗೆ ಕಾಲು ಚಾಚಬೇಕು ಎಂದರು. ಅವರ ಕಾಲಿಗೆ ಒಂದು ನೋವೂ ಇರಲಿಲ್ಲ.

ವಿಮಲ್ ಮುಂದೆ ಬಂದು ಕೂತ. ಕಾರಿನೊಳಗೆ ಏಲಕ್ಕಿ ವಾಸನೆ ಹತ್ತಿರವಾಯಿತು. ಗೇರ್ ಹಾಕಲು ಕೈ ಇಟ್ಟೆ, ಕೈ ನಡುಗುತ್ತಿತ್ತು. ಅವನು ಅದರ ಪಕ್ಕ ತನ್ನ ಕೈ ಇಟ್ಟ. ಅದೂ ನಡುಗುತ್ತಿತ್ತು.

ಇಷ್ಟೇ ನಡೆದದ್ದು. ಸೀಲು ಎಷ್ಟು ಕಾಲ ತಾಳುತ್ತದೋ ಜೆಯಕುಮಾರ್ ಅಣ್ಣನಿಗೇ ಗೊತ್ತಿಲ್ಲ. ಆಯಿಲ್ ಈಗಲೂ ಒಂದಿಷ್ಟು ಇಳಿಯುತ್ತದೆ, ನಾನು ಈಗಲೂ ದಿನಾ ಡಿಪ್‌ಸ್ಟಿಕ್ ಎಳೆಯುತ್ತೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ, ಏನನ್ನುತ್ತಾರೋ ಗೊತ್ತಿಲ್ಲ. ವಿಮಲ್ ಈಗ ಮುಂದಿನ ಸೀಟಿನಲ್ಲಿ ಕೂರುತ್ತಾನೆ. ಕನ್ನಡಿಯಲ್ಲಿ ಅವನು ಕಾಣುವುದಿಲ್ಲ. ಅವನನ್ನು ನೋಡಬೇಕಾದರೆ ಪೂರ್ತಿ ತಲೆ ತಿರುಗಿಸಬೇಕು, ಘಾಟಿಯಲ್ಲಿ ಅದು ಆಗುವುದಿಲ್ಲ. ಹಾಗಾಗಿ ಮೇಲಿಂದ ಕೆಳಗಿನವರೆಗೂ ಅವನು ಏನನ್ನು ನೋಡುತ್ತ ಬರುತ್ತಾನೆ ಎಂಬುದು ನನಗೆ ತಿಳಿಯದು.