ತೋಳುದ್ದ ಬೆಳೆಯುವ ಮೀನು

"ಮನೇಲಿ ಯಾರ್ಯಾರಿದ್ದೀರಾ?"

ಸಾಕುಮೀನಿನ ಅಂಗಡಿಯವನು ಕೇಳಿದ ಧಾಟಿಗೆ ಅವಳ ಮೈಯೆಲ್ಲ ಉರಿದುಹೋಯಿತು. ಒಂದು ಮೀನು ಕೊಳ್ಳೋಕೂ ಮನೆಯ ಜಾತಕ ಒಪ್ಪಿಸಬೇಕಾ?

"ನಾನೊಬ್ಬಳೇ! ಯಾಕೆ?"

"ಹಾಗಾದ್ರೆ ಬೇಡ ಬಿಡಿ. ಇದು ಅರೋವಾನ. ಈಗ ಬೆರಳುದ್ದ ಇದೆ, ಎರಡು ಮೂರು ವರ್ಷದಲ್ಲಿ ನಿಮ್ಮ ತೋಳುದ್ದ ಆಗುತ್ತೆ. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ."

ಒಬ್ಬರ ಕೈಲಿ... ಆ ಮಾತು ನೇರ ಎದೆಗೇ ನಾಟಿತು.

"ಒಬ್ಬಳೇ ಬದುಕ್ತಿದ್ದೀನಲ್ಲ, ಮೀನು ಸಾಕೋಕಾಗಲ್ವಾ?" ಎಂದವಳೇ ತಿರುಗಿಯೂ ನೋಡದೆ ಹೊರಟುಬಂದಳು.

ಅವಳು ಟೈಲರ್. ಮುಂದೆ ಅಂಗಡಿ, ಪರದೆಯ ಹಿಂದೆ ಮಂಚ, ಒಲೆ. ಅಷ್ಟೇ ಅವಳ ಪ್ರಪಂಚ. ಅಮ್ಮ ಹೋದ ಮೇಲೆ ದಿನವಿಡೀ ಕಿವಿಗೆ ಬೀಳುವುದು ಹೊಲಿಗೆಯಂತ್ರದ ಸದ್ದೊಂದೇ. ಗಿರಾಕಿಗಳು ಬರುತ್ತಾರೆ, ನಿಜ. ಆದರೆ "ಯಾವಾಗ ಕೊಡ್ತೀರಾ?" ಅಂತ ಕೇಳುವವರೇ ಎಲ್ಲ. "ಊಟ ಆಯ್ತಾ?" ಅಂತ ಕೇಳುವವರು ಯಾರಿದ್ದಾರೆ!

ಆ ಬೆಳ್ಳಿ ಬಣ್ಣದ ಮೀನಿನ ಮರಿ ಮಾತ್ರ ಅವಳು ಗಾಜಿನ ಹತ್ತಿರ ಹೋದಕೂಡಲೇ ಈಜಿಕೊಂಡು ಬಂದಿತ್ತು. ತನ್ನನ್ನು ಕಂಡು ಒಂದು ಜೀವ ಹತ್ತಿರ ಬಂದು ಎಷ್ಟು ದಿನವಾಗಿತ್ತು...

ಟೇಪು ಹಿಡಿದು ಕೋಣೆ ಅಳೆದಳು. ಆರಡಿ ತೊಟ್ಟಿ ಇಟ್ಟರೆ ಮಂಚ ಹೊರಗೆ, ಮಂಚ ಉಳಿಸಿಕೊಂಡರೆ ಯಂತ್ರ ಹೊರಗೆ. ಮತ್ತೆ ಅಳೆದಳು. ಟೇಪೇನು ಅವಳ ಮುಖ ನೋಡಿ ಉದ್ದವಾಗುತ್ತದೆಯೇ?

ಆದರೂ ಮನಸ್ಸು ಕೇಳಬೇಕಲ್ಲ! ದಿನಾ ಮಧ್ಯಾಹ್ನ ಹೋಗಿ ಗಾಜಿನೆದುರು ನಿಂತಳು. ಅಂಗಡಿಯವನು ಬೈಯಲಿಲ್ಲ, ಮೀನು ಕೊಡಲೂ ಇಲ್ಲ. ಒಂದು ದಿನ ಸ್ಟೂಲು ತಂದಿಟ್ಟ. ಇನ್ನೊಂದು ದಿನ, "ಊಟ ಆಯ್ತಾ?" ಅಂದ.

"ಆಯ್ತು," ಎಂದಳು. ಆಗಿರಲಿಲ್ಲ.

ಮೂರನೆಯ ವಾರ ಅವನೇ ಅವಳ ಅಂಗಡಿಗೆ ಬಂದ.

"ದೊಡ್ಡ ತೊಟ್ಟಿಗೆ ಆರೂವರೆ ಅಡಿ ಪರದೆ ಬೇಕಿತ್ತು. ಹೊಸ ಜಾಗ ಅಲ್ವಾ, ಮೀನು ಮೊದಮೊದಲು ಬೆದರುತ್ತೆ. ಈ ವಿಳಾಸಕ್ಕೆ ತಲುಪಿಸ್ತೀರಾ?"

"ಅದನ್ನ... ಮಾರಿಬಿಟ್ರಾ?"

"ಜಾಗ ಇರೋ ಮನೆ ಸಿಕ್ಕಿತು," ಎಂದು ಅವನು ನೆಲ ನೋಡಿದ.

ಅವನು ಹೋದ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಒಂದು ಮೀನಿಗೆ ಇಷ್ಟು ಅಳುವುದೇ ಅಂತ ತನ್ನನ್ನೇ ಬೈದುಕೊಂಡಳು. ಇನ್ನು ಮಧ್ಯಾಹ್ನ ಅಲ್ಲಿಗೆ ಹೋಗಲು ನೆಪವೇ ಇಲ್ಲವಲ್ಲ! ಅಂದರೆ... ನಾನು ಹೋಗುತ್ತಿದ್ದದ್ದು ಬರೀ ಮೀನು ನೋಡಲು ಅಲ್ಲವಾ?

ಆದರೂ ಕೈಗೆ ರೂಢಿಯಾದ ಕೆಲಸ. ಬೆಳೆಯುವ ಮಕ್ಕಳ ಬಟ್ಟೆಗೆ ಬಿಡುವ ಹಾಗೆ, ಪರದೆಯ ಅಂಚಿನೊಳಗೆ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಮಡಚಿ ಹೊಲಿದಳು.

ಆ ವಿಳಾಸಕ್ಕೆ ಹೋದರೆ ಬಾಗಿಲು ತೆರೆದದ್ದು ಅವನೇ!

ಬಿಕೋ ಎನ್ನುವ ಹಜಾರ. ಒಂದೇ ಒಂದು ಕುರ್ಚಿ. ಗೋಡೆಯುದ್ದಕ್ಕೂ ತೊಟ್ಟಿ. ಅವಳನ್ನು ಕಂಡದ್ದೇ ಬೆಳ್ಳಿ ಮರಿ ಈಜಿಕೊಂಡು ಬಂತು.

"ಇದು ನಿಮ್ಮ ಮನೇನಾ?"

"ಹ್ಞೂಂ. ನಿಮ್ಮ ಕೋಣೇಲಿ ಈ ತೊಟ್ಟಿ ಹಿಡಿಸಲ್ಲ. ಮೀನನ್ನ ಬೇರೆಯವರಿಗೆ ಕೊಟ್ರೆ ನೀವು ಬರೋದು ನಿಂತುಹೋಗುತ್ತೆ..." ಅವನು ತೊಟ್ಟಿಯ ಕಡೆ ತಿರುಗಿದ. "ಆವತ್ತು ನಿಮ್ಮನ್ನ ಆಡಿಕೊಳ್ಳಲಿಲ್ಲ ಕಣ್ರೀ. ಇಷ್ಟು ದೊಡ್ಡ ತೊಟ್ಟಿ ತೊಳೆಯೋಕೆ ಎರಡು ಜನ ಬೇಕು, ಅದಕ್ಕೇ ಕೇಳಿದ್ದು. ನಾನೂ ಒಬ್ಬನೇ."

ಅವಳು ಪರದೆಯನ್ನು ಅವನ ಕೈಗಿಟ್ಟಳು. ಅವನು ಪರದೆಯ ಅಂಚು ತಡವಿದ.

"ಇಷ್ಟೊಂದು ಯಾಕೆ ಮಡಚಿದ್ದೀರಾ?"

"ಬೆಳೆಯೋದಲ್ವಾ... ಮುಂದೆ ಇನ್ನೂ ದೊಡ್ಡ ತೊಟ್ಟಿ ಬಂದ್ರೆ ಬಿಚ್ಚಿಕೊಳ್ಳಬಹುದು. ಎಷ್ಟು ವರ್ಷ ಬದುಕುತ್ತೆ ಇದು?"

"ಚೆನ್ನಾಗಿ ನೋಡಿಕೊಂಡ್ರೆ ಹದಿನೈದು."

"ಅಷ್ಟು ವರ್ಷ ನಾನು ಮಧ್ಯಾಹ್ನ ಬಂದು ಹೋಗ್ತಾ ಇರಬೇಕಾ?"

"ಹೋಗೋದು ಯಾಕೆ?"

ಅವಳ ಕಣ್ಣು ತುಂಬಿ ಬಂತು. ಅವನು ಇದ್ದೊಂದು ಕುರ್ಚಿಯನ್ನು ಅವಳ ಕಡೆ ಸರಿಸಿ, ತನಗೆ ಬಕೆಟ್ ಬೋರಲು ಹಾಕಿಕೊಂಡು ಕೂತ.

"ಊಟ ಆಯ್ತಾ?"

"ಇಲ್ಲ," ಎಂದಳು, ಮೊದಲ ಸಲ ನಿಜ ಹೇಳಿ.

"ನಂದೂ ಆಗಿಲ್ಲ."